ನೂರು ಪೌಂಡಿನ ಇಗರ್ಜಿ

ಜಾಗಕ್ಕೆ ಆಧಾರ ಇರುತ್ತದೆ, ಮನೆಗೆ ಇರುತ್ತದೆ. ಆದರೆ ಒಂದು ಇಗರ್ಜಿಗೆ ಕ್ರಯಪತ್ರ ಇರುವುದನ್ನು ನೀವು ಕೇಳಿದ್ದೀರಾ? ಹಣ ಸಂದಿದೆ, ಇನ್ನು ಮುಂದೆ ಈ ದೇವಾಲಯ ಊರವರಿಗೆ ಸೇರಿದ್ದು ಎಂದು ದೊರೆಯೊಬ್ಬ ತನ್ನ ಮೊಹರು ಹಾಕಿ ಬರೆದುಕೊಟ್ಟ ಪತ್ರ? ಅಂಥದೊಂದು ಇದೆ. ಇಂಗ್ಲೆಂಡಿನ ರಮ್ಸಿ ಎಂಬ ಊರಿನ ಇಗರ್ಜಿಯವರು ಅದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಇಸವಿ 1544. ಬೆಲೆ ನೂರು ಪೌಂಡು. ಮಾರಿದವನು ಎಂಟನೇ ಹೆನ್ರಿ ಅರಸ. ಕೊಂಡವರು ಆ ಪೇಟೆಯ ಸಾಮಾನ್ಯ ಜನ.

ನನ್ನ ಮಗಳು ಸೌತಾಂಪ್ಟನ್ನಿನಲ್ಲಿ ನರ್ಸ್ ಆಗಿದ್ದಾಳೆ. ನಮ್ಮ ಕಾಸರಗೋಡು ಕಡೆಯ ಎಷ್ಟೋ ಮನೆಗಳ ಮಕ್ಕಳು ಹಾಗೆ ಅಲ್ಲಿದ್ದಾರೆ, ಇದರಲ್ಲಿ ವಿಶೇಷವೇನೂ ಇಲ್ಲ. ಎರಡು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಅವಳಲ್ಲಿಗೆ ಹೋಗಿ ಎರಡು ತಿಂಗಳು ಇದ್ದೆವು. ಅವಳಿಗೆ ರಜೆ ಸಿಕ್ಕಿದ ಒಂದು ದಿನ, "ಅಪ್ಪಾ, ನಿಮಗೆ ಹಳೆಯ ಕಟ್ಟಡ ಅಂದರೆ ಆಸೆಯಲ್ಲವಾ, ಬನ್ನಿ" ಎಂದು ಬಸ್ಸು ಹತ್ತಿಸಿದಳು. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವನಿಗೆ ಅದಕ್ಕಿಂತ ದೊಡ್ಡ ಆಮಿಷ ಬೇಕೇ?

ರಮ್ಸಿ ಚಿಕ್ಕ ಪೇಟೆ. ಟೆಸ್ಟ್ ಎಂಬ ನದಿ ಹರಿಯುತ್ತದೆ, ನೀರು ಕನ್ನಡಿಯಷ್ಟು ತಿಳಿ. ಪೇಟೆಯ ನಡುವೆ ಪಾಮರ್‌ಸ್ಟನ್ ಎಂಬ ಹಿಂದಿನ ಪ್ರಧಾನಿಯ ಪ್ರತಿಮೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬೂದುಬಣ್ಣದ ಭಾರೀ ಕಲ್ಲುಕಟ್ಟಡ. ಗೋಪುರ ಮಾತ್ರ ಗಿಡ್ಡ, ಅದರ ತಲೆಯ ಮೇಲೆ ಮರದ ಗಂಟೆಮನೆ. ಹೊರಗಿನಿಂದ ನೋಡಿದರೆ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು. ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಒಂದರ ಮೇಲೊಂದರಂತೆ ಮೂರು ಅಂತಸ್ತು ಕಮಾನುಗಳು, ಮರದ ಬೊಡ್ಡೆಗಿಂತ ದಪ್ಪದ ಕಂಬಗಳು. ಬಲಿಪೀಠದ ಕಡೆಯ ಕಮಾನುಗಳೆಲ್ಲ ದುಂಡಗೆ. ಬಾಗಿಲ ಕಡೆಗೆ ಬರುತ್ತ ಬರುತ್ತ ಅವು ಚೂಪಾಗುತ್ತವೆ. 1120ರ ಸುಮಾರಿಗೆ ಕಟ್ಟಲು ತೊಡಗಿದ್ದು ಮುಗಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಕಟ್ಟುವ ಶೈಲಿಯೇ ಬದಲಾಗಿತ್ತು. ಅಜ್ಜ ದುಂಡಗೆ ಕಟ್ಟಿದ, ಮರಿಮಗ ಚೂಪಾಗಿ ಕಟ್ಟಿದ, ಅಷ್ಟೇ. ಒಂದು ಕಂಬದ ತಲೆಯಲ್ಲಿ ಲತೀನ್ ಭಾಷೆಯಲ್ಲಿ ಕೊರೆದ ಒಂದು ಸಾಲಿದೆ: ನನ್ನನ್ನು ರಾಬರ್ಟ್ ಮಾಡಿದ ಎಂದು ಅದರ ಅರ್ಥ. ಎಂಟು ಶತಮಾನ ಕಳೆದರೂ ಆ ಹೆಸರು ಅಲ್ಲಿದೆ. ನಮ್ಮಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಯಿಸುವುದನ್ನು ನೆನೆದು ನಾನು ಒಳಗೊಳಗೇ ನಕ್ಕೆ.

ಇದನ್ನು ಅವರು ರಮ್ಸಿ ಆ್ಯಬಿ ಎನ್ನುತ್ತಾರೆ. ಆ್ಯಬಿ ಎಂದರೆ ಮಠ, ಅದರ ಮುಖ್ಯಸ್ಥೆ ಆ್ಯಬೆಸ್. ಯೇಸುಸ್ವಾಮಿ ತಂದೆಯನ್ನು ಕರೆದ 'ಅಬ್ಬಾ' ಎಂಬ ಪದದಿಂದಲೇ ಇವೆಲ್ಲ ಬಂದವು. ನಮ್ಮ ನೆರೆಮನೆಯ ಹವ್ಯಕರು ತಾಯಿಯನ್ನು 'ಅಬ್ಬೆ' ಎನ್ನುತ್ತಾರೆ. ಎರಡಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ, ಅಲ್ಲಿದ್ದ ಎರಡು ಗಂಟೆ ನನಗೆ ಅಬ್ಬೆಯ ಮನೆ ಎಂದೇ ಕೇಳಿಸುತ್ತಿತ್ತು. ಯಾಕೆಂದರೆ ಇದು ಸನ್ಯಾಸಿಗಳ ಮಠವಲ್ಲ, ಕನ್ಯಾಸ್ತ್ರೀಯರ ಮಠ.

907ರಲ್ಲಿ ಹಿರಿಯ ಎಡ್ವರ್ಡ್ ಎಂಬ ಅರಸ ಇಲ್ಲಿ ಮೊದಲ ಮಠ ಸ್ಥಾಪಿಸಿ ತನ್ನ ಮಗಳನ್ನೇ ಅದಕ್ಕೆ ಒಪ್ಪಿಸಿದ. ಪ್ರಸಿದ್ಧನಾದ ಆಲ್ಫ್ರೆಡ್ ಮಹಾರಾಜನ ಮಗ ಈತ. 967ರಲ್ಲಿ ಎಡ್ಗರ್ ಎಂಬ ಅರಸ ಅದನ್ನು ಸಂತ ಬೆನೆಡಿಕ್ಟರ ನಿಯಮದಡಿ ಹೊಸದಾಗಿ ನೆಲೆಗೊಳಿಸಿದ. ಮುಂದೆ ಇಲ್ಲಿ ಮಠಾಧ್ಯಕ್ಷೆಯಾದ ಸಂತ ಎಥೆಲ್‌ಫ್ಲೇಡಾ ಅವರ ಹೆಸರು ಮಾತೆ ಮರಿಯಮ್ಮನ ಹೆಸರಿನ ಜೊತೆಗೆ ಇಗರ್ಜಿಗೆ ಇಂದಿಗೂ ಇದೆ. ಈ ಸಂತರು ಚಳಿಗಾಲದ ರಾತ್ರಿಯಲ್ಲಿ ತಣ್ಣೀರಿನಲ್ಲಿ ನಿಂತು ಕೀರ್ತನೆಗಳನ್ನು ಹಾಡುತ್ತಿದ್ದರಂತೆ. ಒಮ್ಮೆ ಪಾಠ ಓದುವಾಗ ದೀಪ ಆರಿಹೋಗಿ, ಅವರ ಬೆರಳುಗಳೇ ಬೆಳಕು ಕೊಟ್ಟವಂತೆ. ಇವೆಲ್ಲ ಐತಿಹ್ಯ. ಆದರೆ ಟೆಸ್ಟ್ ನದಿಯ ನೀರಿಗೆ ನಾನು ಕೈಯದ್ದಿ ನೋಡಿದ್ದೇನೆ, ಅದೂ ಜೂನ್ ತಿಂಗಳಲ್ಲಿ. ಆ ಸಂತರ ಬಗ್ಗೆ ನನಗಿರುವ ಗೌರವಕ್ಕೆ ಅಷ್ಟು ಸಾಕು!

ಹತ್ತನೆಯ ಶತಮಾನದ ಕೊನೆಯಲ್ಲಿ ಡೇನರು ಹಡಗುಗಳಲ್ಲಿ ಬಂದು ಮಠವನ್ನು ಸೂರೆಮಾಡಿದಾಗ ಸಿಸ್ಟರುಗಳು ವಿಂಚೆಸ್ಟರಿಗೆ ಓಡಿ ಜೀವ ಉಳಿಸಿಕೊಂಡರು. ಮತ್ತೆ ಬಂದರು, ಮತ್ತೆ ಕಟ್ಟಿದರು.

ಆ ಕಾಲದಲ್ಲಿ ರಾಜಮನೆತನದ ಹೆಣ್ಣುಮಕ್ಕಳಿಗೆ ಇದು ಶಾಲೆಯೂ ಹೌದು, ಆಶ್ರಯವೂ ಹೌದು. ಸ್ಕಾಟ್ಲೆಂಡಿನ ರಾಣಿ ಸಂತ ಮಾರ್ಗರೆಟರ ತಂಗಿ ಕ್ರಿಸ್ಟೀನಾ ಇಲ್ಲಿ ಕನ್ಯಾಸ್ತ್ರೀಯಾಗಿದ್ದರು. ಸಂತ ಮಾರ್ಗರೆಟರ ಮಗಳು ಎಡಿತ್ ಬೆಳೆದದ್ದು ಈ ಚಿಕ್ಕಮ್ಮನ ಕೈಯಲ್ಲಿ. ನಾರ್ಮನ್ ಸೈನಿಕರ ಕಣ್ಣಿನಿಂದ ಕಾಪಾಡಲು ಚಿಕ್ಕಮ್ಮ ಹುಡುಗಿಯ ತಲೆಗೆ ಕಪ್ಪು ಮುಸುಕು ಹಾಕುತ್ತಿದ್ದರು. ಹುಡುಗಿ ಚಿಕ್ಕಮ್ಮ ಆಚೆ ಹೋದ ಕೂಡಲೇ ಅದನ್ನು ಕಿತ್ತು ನೆಲಕ್ಕೆ ಹಾಕಿ ತುಳಿಯುತ್ತಿದ್ದಳು! ಮುಂದೆ 1100ರಲ್ಲಿ ಇಂಗ್ಲೆಂಡಿನ ಅರಸ ಒಂದನೇ ಹೆನ್ರಿ ಅವಳನ್ನು ಮದುವೆಯಾಗಲು ಬಯಸಿದಾಗ, ಮುಸುಕು ಹಾಕಿದವಳು ಕನ್ಯಾಸ್ತ್ರೀಯಲ್ಲವೇ, ಮದುವೆ ಹೇಗೆ ಎಂಬ ತಕರಾರು ಎದ್ದಿತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಆನ್ಸೆಲ್ಮರ ಮುಂದೆ ವಿಚಾರಣೆಯಾಗಿ, ಆಕೆ ವ್ರತ ತೊಟ್ಟಿರಲಿಲ್ಲ ಎಂದು ತೀರ್ಮಾನವಾಯಿತು. ಮುಸುಕು ತುಳಿದ ಕತೆ ಗೊತ್ತಾಗಿರುವುದೂ ಆ ವಿಚಾರಣೆಯಿಂದಲೇ.

ಇನ್ನೊಬ್ಬಾಕೆಯ ಕತೆ ಹೀಗೆ ನಗಿಸುವುದಿಲ್ಲ. ಸ್ಟೀಫನ್ ಅರಸನ ಮಗಳು ಮೇರಿ ಇಲ್ಲಿ ಮಠಾಧ್ಯಕ್ಷೆಯಾಗಿದ್ದರು. ಅಣ್ಣಂದಿರೆಲ್ಲ ತೀರಿಕೊಂಡು, ಫ್ರಾನ್ಸಿನ ಕರಾವಳಿಯ ಬೊಲೋನ್ ಎಂಬ ಸಂಸ್ಥಾನಕ್ಕೆ ಇವರೇ ವಾರಸುದಾರರಾದರು. ಜಮೀನಿಗಾಗಿ 1160ರಲ್ಲಿ ಅವರನ್ನು ಮಠದಿಂದ ಹೊರತಂದು ಫ್ಲಾಂಡರ್ಸಿನ ಪ್ರಭುವಿನ ಮಗನಿಗೆ ಮದುವೆ ಮಾಡಿಸಿದರು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಆಕೆ ಗಂಡನಿಂದ ಬೇರೆಯಾಗಿ ಫ್ರಾನ್ಸಿನಲ್ಲಿ ಪುನಃ ಮಠ ಸೇರಿದರು, 1182ರಲ್ಲಿ ಅಲ್ಲೇ ತೀರಿಕೊಂಡರು. ಜಮೀನಿಗಾಗಿ ಹೆಣ್ಣನ್ನು ಎಳೆದಾಡುವುದು ಅರಮನೆಗಳಲ್ಲೂ ಇತ್ತು ಎಂದು ನನ್ನ ಹೆಂಡತಿ ಹೇಳಿದಳು, ನಾನು ಎದುರಾಡಲಿಲ್ಲ.

ಇಷ್ಟು ಹೊತ್ತು ಅರಸರು, ರಾಣಿಯರು. ಊರಿನ ಜನ ಎಲ್ಲಿದ್ದರು? ಮಠದ ಸುತ್ತ ಬೆಳೆದ ಪೇಟೆಯಲ್ಲಿ ನೇಯುವವರು, ಬಟ್ಟೆ ಹದಮಾಡುವವರು, ಗಿರಣಿಯವರು, ಬೇಸಾಯದವರು ಇದ್ದರಲ್ಲ, ಅವರು ಬಲಿಪೂಜೆಗೆ ಎಲ್ಲಿಗೆ ಹೋಗುತ್ತಿದ್ದರು? ಈ ಪ್ರಶ್ನೆಯ ಉತ್ತರದಲ್ಲೇ ಇಗರ್ಜಿ ಉಳಿದದ್ದರ ಗುಟ್ಟಿದೆ.

ಅಷ್ಟು ದೊಡ್ಡ ಇಗರ್ಜಿ ಸಿಸ್ಟರುಗಳದ್ದು. ದಿನಕ್ಕೆ ಹಲವು ಬಾರಿ ಅವರು ಅಲ್ಲಿ ಸೇರಿ ಕೀರ್ತನೆ ಹಾಡಬೇಕು. ಊರವರಿಗೆ ಬೇರೆ ಇಗರ್ಜಿ ಇರಲಿಲ್ಲ. ಹಾಗಾಗಿ ಕಟ್ಟಡದ ಬಡಗು ಬದಿಯ ಒಂದು ಓಣಿಯನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಅದೇ ಅವರ ಧರ್ಮಕೇಂದ್ರ. ಅದಕ್ಕೆ ಬೇರೆ ಧರ್ಮಗುರು, ಬೇರೆ ಬಲಿಪೀಠ, ಬೇರೆ ಪಾಲಕ ಸಂತರು ಕೂಡ. ಯಾರು ಗೊತ್ತೇ? ಸಂತ ಲಾರೆನ್ಸರು!

ಆ ಹೆಸರು ಓದಿದಾಗ ನಾನು ಅಲ್ಲಿಯೇ ನಿಂತೆ. ನಮ್ಮ ಕರಾವಳಿಯ ಮಕ್ಕಳಿಗೆ ಸಂತ ಲಾರೆನ್ಸರೆಂದರೆ ಯಾರು ಎಂದು ಹೇಳಬೇಕೇ? ಕಾರ್ಕಳದ ಅತ್ತೂರಿನ ಹಬ್ಬಕ್ಕೆ ಅಮ್ಮನ ಸೆರಗು ಹಿಡಿದು, ಆ ಜನಜಂಗುಳಿಯಲ್ಲಿ ಮೊಂಬತ್ತಿ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಕ್ರೈಸ್ತರು ಮಾತ್ರವಲ್ಲ, ಎಲ್ಲ ಜಾತಿಯವರೂ ಹರಕೆ ಹೊತ್ತು ಬರುವ ಪುಣ್ಯಕ್ಷೇತ್ರ ಅದು. 2016ರಲ್ಲಿ ಅದು ಬಸಿಲಿಕವಾಯಿತು. ರೋಮಿನಲ್ಲಿ 258ರಲ್ಲಿ ರಕ್ತಸಾಕ್ಷಿಯಾದ ಈ ಸೇವಾದರ್ಶಿಯನ್ನು ಇಗರ್ಜಿಯ ಐಶ್ವರ್ಯ ಎಲ್ಲಿ ಎಂದು ಅಧಿಕಾರಿಗಳು ಕೇಳಿದಾಗ ಬಡವರನ್ನು ತೋರಿಸಿದರು ಎಂಬ ಕತೆಯನ್ನು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ರಮ್ಸಿಯ ನೇಕಾರರಿಗೂ ಅದೇ ಕತೆ ಗೊತ್ತಿತ್ತೆಂದು ನೆನೆದರೆ ಆ ಪರದೇಶ ಹತ್ತಿರವಾಯಿತು.

ಒಂದು ಗೋಡೆಯೊಳಗೆ ಎರಡು ಇಗರ್ಜಿ ಎಂದರೆ ಹೇಗಿರುತ್ತಿತ್ತೋ! ಆಚೆ ಕಡೆಯಿಂದ ಸಿಸ್ಟರುಗಳ ಲತೀನ್ ಹಾಡು, ಈಚೆ ಕಡೆ ಹಸುಗೂಸಿನ ಅಳು, ಕೆಮ್ಮು, ಒದ್ದೆ ಚಪ್ಪಲಿಯ ಸದ್ದು. ಇದು ನನ್ನ ಊಹೆ. ಆದರೆ ಯಾವ ಊರಿನ ಜನರಾದರೂ ಇಗರ್ಜಿಯಲ್ಲಿ ಕೆಮ್ಮದೆ ಇರುವರೇ?

1348ರಲ್ಲಿ ಇಂಗ್ಲೆಂಡಿಗೆ ಮಹಾಮಾರಿ ಪ್ಲೇಗ್ ಬಂತು. ಅದಕ್ಕೆ ಮೊದಲು ಮಠದಲ್ಲಿ ತೊಂಬತ್ತರ ಆಸುಪಾಸು ಸಿಸ್ಟರುಗಳಿದ್ದರು. 1349ರಲ್ಲಿ ಮಠಾಧ್ಯಕ್ಷೆಯೇ ತೀರಿಕೊಂಡರು. ಆ ಮೇಲೆ ಮಠ ಚೇತರಿಸಿಕೊಳ್ಳಲೇ ಇಲ್ಲ. ಕೊನೆಗಾಲದಲ್ಲಿ ಇಪ್ಪತ್ತೈದರ ಆಸುಪಾಸು ಮಂದಿ. ಊರಿನವರೂ ಗುಂಪು ಗುಂಪಾಗಿ ಸತ್ತರು. ಆದರೆ ಊರು ಪುನಃ ಎದ್ದು ನಿಂತಿತು. ಎಷ್ಟೆಂದರೆ, 15ನೇ ಶತಮಾನದ ಆರಂಭದಲ್ಲಿ ತಮ್ಮ ಓಣಿ ಸಾಲದೆಂದು ಧರ್ಮಾಧ್ಯಕ್ಷರ ಅನುಮತಿ ಪಡೆದು, ಬಡಗು ಗೋಡೆಯನ್ನು ಒಡೆದು ಹೊರಗಡೆಗೆ ಇನ್ನೊಂದು ಓಣಿ ಸೇರಿಸಿ ಕಟ್ಟಿಕೊಂಡರು. ದೊಡ್ಡ ಇಗರ್ಜಿಯಲ್ಲಿ ಸಿಸ್ಟರುಗಳು ಕಡಿಮೆಯಾಗುತ್ತಿದ್ದಾರೆ, ಪಕ್ಕದ ಮೂಲೆಯಲ್ಲಿ ಜನ ತುಂಬಿ ಹೊರಚೆಲ್ಲುತ್ತಿದ್ದಾರೆ. ಆ ನೂರಕ್ಕೂ ಹೆಚ್ಚು ವರ್ಷ ಹೀಗೆಯೇ ಸಾಗಿತು.

ಮುಂದಿನದ್ದು ನಿಮಗೆ ಗೊತ್ತಿರುವ ಚರಿತ್ರೆ. ಎಂಟನೇ ಹೆನ್ರಿಗೆ ಮೊದಲ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗಬೇಕಿತ್ತು. ಪೋಪರು ಒಪ್ಪಲಿಲ್ಲ. 1534ರಲ್ಲಿ ಆತ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಯಜಮಾನ ಎಂದು ಕಾನೂನು ಮಾಡಿಸಿದ. ಯುದ್ಧಗಳಿಂದ ಖಜಾನೆ ಬರಿದಾಗಿತ್ತು, ಮಠಗಳಲ್ಲಿ ಆಸ್ತಿಯಿತ್ತು. 1536ರಿಂದ 1540ರೊಳಗೆ ಇಂಗ್ಲೆಂಡಿನ ಎಂಟು ನೂರರಷ್ಟು ಮಠಗಳು ಮುಚ್ಚಿದವು. ಮಾಡಿನ ಸೀಸವನ್ನು ಕಿತ್ತು ಕರಗಿಸಿದರು, ಗಂಟೆಗಳನ್ನು ಮಾರಿದರು, ಕಲ್ಲನ್ನು ಸುತ್ತಲಿನವರು ಮನೆ ಕಟ್ಟಲು ಹೊತ್ತೊಯ್ದರು. ಮಾಡು ಕಳೆದುಕೊಂಡ ಕಟ್ಟಡ ಎಷ್ಟು ಮಳೆಗಾಲ ತಡೆದೀತು? ಗ್ಲಾಸ್ಟನ್‌ಬರಿಯ ವೃದ್ಧ ಮಠಾಧ್ಯಕ್ಷ ರಿಚರ್ಡ್ ವೈಟಿಂಗರನ್ನು 1539ರ ನವೆಂಬರ್ 15ರಂದು ಗುಡ್ಡದ ಮೇಲೆ ಗಲ್ಲಿಗೇರಿಸಿದರು. ಧರ್ಮಸಭೆ 1895ರಲ್ಲಿ ಅವರನ್ನು ಪುನೀತರೆಂದು ಘೋಷಿಸಿತು.

ರಮ್ಸಿಯ ಮಠ ಮುಚ್ಚಿದ್ದೂ 1539ರಲ್ಲೇ. ಎಲಿಜಬೆತ್ ರೈಪ್ರೋಸ್ ಕೊನೆಯ ಮಠಾಧ್ಯಕ್ಷೆ. ಆರು ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಪ್ರಾರ್ಥನೆ ನಿಂತುಹೋಯಿತು. ಮಠದ ವಾಸದ ಕಟ್ಟಡಗಳು ಹಾಳಾದವು, ಇಗರ್ಜಿಯ ಹಿಂಬದಿಯಲ್ಲಿದ್ದ ಮಾತೆ ಮರಿಯಮ್ಮನ ಪ್ರಾರ್ಥನಾಲಯವನ್ನು ಕೆಡವಿದರು. ಇಗರ್ಜಿಯೂ ಹೋಗಬೇಕಿತ್ತು. ಇದೇ ಸೀಮೆಯ ವರ್ವೆಲ್ ಮಠದ ಇಗರ್ಜಿ ಹೋಯಿತು. ವಿಂಚೆಸ್ಟರಿನ ಕನ್ಯಾಮಠ ಹೋಯಿತು. ರಮ್ಸಿಯನ್ನು ಕಟ್ಟಿಸಿದ ಎಡ್ವರ್ಡನ ತಂದೆ ಆಲ್ಫ್ರೆಡ್ ಮಹಾರಾಜ ಶಾಫ್ಟ್ಸ್‌ಬರಿಯಲ್ಲಿ ತನ್ನ ಮಗಳಿಗಾಗಿ ಕಟ್ಟಿಸಿದ ಮಠ ಇಂಗ್ಲೆಂಡಿನ ಅತಿ ಶ್ರೀಮಂತ ಕನ್ಯಾಮಠಗಳಲ್ಲಿ ಒಂದು; ಇಂದು ಅಲ್ಲಿ ಹುಲ್ಲಿನ ನಡುವೆ ತಳಪಾಯದ ಗುರುತು ಮಾತ್ರ. ಶಾಫ್ಟ್ಸ್‌ಬರಿಯ ಜನರಿಗೆ ಊರೊಳಗೆ ಬೇರೆ ಇಗರ್ಜಿಗಳಿದ್ದವು. ಮಠದ ಇಗರ್ಜಿ ಬಿದ್ದರೆ ಅವರ ಭಾನುವಾರಕ್ಕೆ ತೊಂದರೆಯಿರಲಿಲ್ಲ. ರಮ್ಸಿಯವರಿಗೆ ಹಾಗಲ್ಲ. ಅವರ ಓಣಿ ಇದ್ದದ್ದು ಮಠದ ಇಗರ್ಜಿಯ ಹೊಟ್ಟೆಯಲ್ಲೇ. ಅದು ಬಿದ್ದರೆ ಇವರ ತಲೆಯ ಮೇಲೆಯೇ ಬೀಳುವುದು.

ಐದು ವರ್ಷಗಳ ನಂತರ, 1544ರಲ್ಲಿ, ಊರವರು ಅರಸನಿಂದ ಇಡೀ ಇಗರ್ಜಿಯನ್ನು ಕೊಂಡುಕೊಂಡರು.

ನೂರು ಪೌಂಡು ಎಂದರೆ ಇಂದು ಒಂದು ಒಳ್ಳೆಯ ಜೋಡಿ ಬೂಟು. ಅಂದು? ನುರಿತ ಬಡಗಿಗೆ ದಿನಗೂಲಿ ಸುಮಾರು 6 ಪೆನ್ನಿ. ಆಗ ಪೌಂಡಿಗೆ 240 ಪೆನ್ನಿ. ಲೆಕ್ಕ ಹಾಕಿ ನೋಡಿ, ಒಬ್ಬ ಬಡಗಿಯ ನಾಲ್ಕು ಸಾವಿರ ದಿನಗಳ ದುಡಿಮೆ. ಒಂದು ದಿನವೂ ಉಣ್ಣದೆ ಉಳಿಸಿದರೆ! ಪ್ಲೇಗಿನಿಂದ ಎದ್ದ, ಅಂಥ ದೊಡ್ಡದೇನೂ ಅಲ್ಲದ ಪೇಟೆ ಅದು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಹಣದ ವಿಷಯ ನನಗೆ ಪುಸ್ತಕದ ವಿಷಯವಲ್ಲ. ನಮ್ಮ ಇಗರ್ಜಿಯ ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದಾಗ ನಾನು ಪಾಲನಾ ಪರಿಷತ್ತಿನ ಕಾರ್ಯದರ್ಶಿ. ಫಾದರ್, ನಾನು, ಇಬ್ಬರು ಗುರಿಕಾರರು ವಾರ್ಡು ವಾರ್ಡು ಸುತ್ತಿದೆವು. ಅಡಿಕೆ ಮಾರಿ ಕೊಡುತ್ತೇವೆ ಎಂದವರು, ಗಲ್ಫಿನ ಮಗನಿಗೆ ಫೋನು ಮಾಡಿ ಹೇಳುತ್ತೇನೆ ಎಂದವರು, ಹಿಂದಿನ ಲೆಕ್ಕ ಮೊದಲು ತೋರಿಸಿ ಎಂದವರು, ಎಲ್ಲರೂ ಸಿಕ್ಕಿದರು. ಬೀಡಿ ಕಟ್ಟುವ ಒಬ್ಬ ವಿಧವೆ ತಾಯಿ ಒಳಗೆ ಹೋಗಿ, ಸಕ್ಕರೆ ಡಬ್ಬದಿಂದ ನೋಟು ತೆಗೆದು ಕೊಟ್ಟು, "ಹೆಸರು ಬರೆಯಬೇಡಿ ಮಾಸ್ಟ್ರೇ, ಕಮ್ಮಿ ಉಂಟು" ಎಂದರು. ಎರಡು ವರ್ಷ ಹಿಡಿಯಿತು. ಆದ್ದರಿಂದ ರಮ್ಸಿಯವರು ನೂರು ಪೌಂಡು ಕೂಡಿಸಿದರು ಎಂಬ ಒಂದು ಸಾಲನ್ನು ಓದಿದಾಗ ಆ ಸಾಲಿನ ಹಿಂದೆ ಎಷ್ಟು ಮನೆಗಳ ಮೆಟ್ಟಿಲು ಹತ್ತಿ ಇಳಿದಿರಬೇಕೆಂದು ನನಗೆ ಅನಿಸಿತು. ಅಲ್ಲಿಯೂ ಲೆಕ್ಕ ಕೇಳಿದವರು ಇದ್ದೇ ಇರುತ್ತಾರೆ.

ಇಂಥದ್ದು ಬೇರೆಡೆಯೂ ನಡೆಯಿತು. ಟ್ಯೂಕ್ಸ್‌ಬರಿಯ ಜನ ತಮ್ಮ ಮಠದ ಇಗರ್ಜಿಯನ್ನು 453 ಪೌಂಡಿಗೆ ಉಳಿಸಿಕೊಂಡರು, ಸೀಸ ಮತ್ತು ಗಂಟೆಗಳ ಬೆಲೆ ಅದು. ಸಂತ ಆಲ್ಬನರ ಊರಿನವರು 1553ರಲ್ಲಿ 400 ಪೌಂಡು ಕೊಟ್ಟರು. ಇವರ ಲೆಕ್ಕಕ್ಕೆ ಹೋಲಿಸಿದರೆ ರಮ್ಸಿಯವರಿಗೆ ಅಗ್ಗದಲ್ಲಿ ಸಿಕ್ಕಿತು ಎನ್ನಬೇಕು.

ಕೊಂಡ ಮೇಲೆ ಅವರು ಮಾಡಿದ ಕೆಲಸ ಸ್ವಾರಸ್ಯವಾಗಿದೆ. ಅಜ್ಜಂದಿರು ಕಷ್ಟಪಟ್ಟು ಕಟ್ಟಿದ ಆ ಹೊರಗಿನ ಓಣಿಯನ್ನು ಕೆಡವಿದರು! ಇಡೀ ದೊಡ್ಡ ಇಗರ್ಜಿಯೇ ಕೈಗೆ ಬಂದ ಮೇಲೆ ಆ ಚಿಕ್ಕದನ್ನು ರಿಪೇರಿ ಮಾಡಿ ಇಟ್ಟುಕೊಳ್ಳುವುದೇಕೆ? ಬಡಗು ಗೋಡೆಯನ್ನು ಪುನಃ ಮುಚ್ಚಿದರು. ಹೊರಗೆ ನಿಂತು ನೋಡಿದರೆ ಕಲ್ಲಿನಲ್ಲಿ ಆ ಹಳೆಯ ಕಮಾನುಗಳ ಗುರುತು ಇಂದಿಗೂ ಕಾಣುತ್ತದೆ.

ಕಥೋಲಿಕನಾಗಿ ನನಗೆ ಆ ಇಗರ್ಜಿಯಲ್ಲಿ ಸಂತೋಷ, ಸಂಕಟ ಎರಡೂ ಆದವು. ಅದು ಇಂದು ಆಂಗ್ಲಿಕನ್ ಸಭೆಯ ಇಗರ್ಜಿ. ನಾವು ಅಲ್ಲಿ ಅತಿಥಿಗಳು. ಊರವರು ದುಡ್ಡು ಕೊಟ್ಟದ್ದು ಸಿಸ್ಟರುಗಳಿಗಲ್ಲ, ಅವರಿಂದ ಕಿತ್ತುಕೊಂಡ ಅರಸನಿಗೆ. ಕಳವಿನ ಮಾಲನ್ನು ಕೊಂಡಂತಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಬಸ್ಸಿನಲ್ಲಿ ಬರುವಾಗ ಮಗಳು, "ಅಮ್ಮಾ, ಅವರು ಕೊಳ್ಳದಿದ್ದರೆ ನೀವು ಇವತ್ತು ನೋಡಿದ್ದು ಯಾವುದನ್ನು?" ಎಂದಳು. ಇಬ್ಬರ ಮಾತೂ ಸರಿ. ನನ್ನ ಮನಸ್ಸು ಮಾತ್ರ ಮಗಳ ಕಡೆಗೇ ವಾಲುತ್ತದೆ. 1539ರಲ್ಲಿ ಆ ಜನ ಕಾನೂನು ಮಾಡಿದವರಲ್ಲ, ಯಾರೂ ಅವರನ್ನು ಕೇಳಿದ್ದೂ ಇಲ್ಲ. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ, ಹಿರಿಯರನ್ನು ಹೂಳಿದ ಜಾಗ ಕಲ್ಲಿನ ರಾಶಿಯಾಗಬಾರದು ಎಂಬುದಷ್ಟೇ ಅವರ ಕೈಯಲ್ಲಿದ್ದ ವಿಷಯ.

ಅವರು ಕೊಂಡದ್ದರಿಂದ ಉಳಿದವುಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೊರಗೋಡೆಯಲ್ಲಿ, ಮಠಾಧ್ಯಕ್ಷೆಯರು ಬರುತ್ತಿದ್ದ ಬಾಗಿಲಿನ ಪಕ್ಕದಲ್ಲಿರುವ ಶಿಲುಬೆ. ಸುಮಾರು ಸಾವಿರ ವರ್ಷದ ಹಿಂದಿನದ್ದು, ಈಗಿನ ಇಗರ್ಜಿಗಿಂತಲೂ ಹಳೆಯದು. ಆಳೆತ್ತರದ ಯೇಸುಸ್ವಾಮಿ. ನಾವು ನೋಡಿ ರೂಢಿಯಾದ ಹಾಗೆ ತಲೆ ವಾಲಿಲ್ಲ, ಮೈ ಬಾಗಿಲ್ಲ. ಕಣ್ಣು ತೆರೆದಿದೆ. ಕೈಗಳು ನೇರ ಚಾಚಿವೆ, ಅಪ್ಪಿಕೊಳ್ಳಲು ಬಂದವರ ಹಾಗೆ. ಮೇಲೆ ಮೋಡದೊಳಗಿಂದ ಒಂದು ಕೈ ಕೆಳಗಿಳಿದಿದೆ, ತಂದೆಯಾದ ದೇವರ ಕೈ. ಇಗರ್ಜಿಗಳ ಶಿಲುಬೆಗಳನ್ನೂ ಪ್ರತಿಮೆಗಳನ್ನೂ ಒಡೆದು ಸುಟ್ಟ ಕಾಲವನ್ನು, ಮಳೆ ಹಿಮಗಳನ್ನು ದಾಟಿ ಅದು ಬಯಲಲ್ಲಿಯೇ ನಿಂತಿದೆ. ಮುಖ ಸವೆದಿದೆ. ನಾವು ಮೂವರೂ ಅಲ್ಲಿ ಒಂದು ಪರಲೋಕ ಮಂತ್ರ ಹೇಳಿದೆವು, ಕನ್ನಡದಲ್ಲಿ. ಯಾರೂ ಬೇಡವೆನ್ನಲಿಲ್ಲ.

ಒಳಗೆ ಗಾಜಿನ ಕೆಳಗೆ ಒಂದು ಜಡೆ ಇದೆ. 1839ರಲ್ಲಿ ಗೋರಿ ಅಗೆಯುವಾಗ ಸೀಸದ ಶವಪೆಟ್ಟಿಗೆ ಸಿಕ್ಕಿತು. ಒಳಗೆ ಎಲುಬುಗಳೂ ಇರಲಿಲ್ಲ. ಓಕ್ ಮರದ ತಲೆದಿಂಬಿನ ಮೇಲೆ ಹೆಣೆದ ಕೂದಲು ಮಾತ್ರ, ನಿನ್ನೆ ಬಾಚಿದಂತೆ. ಆ ತಲೆದಿಂಬನ್ನು ನೋಡಿ ನನ್ನ ಹೆಂಡತಿ ಶಿಲುಬೆಯ ಗುರುತು ಹಾಕಿಕೊಂಡಳು.

19ನೇ ಶತಮಾನದಲ್ಲಿ ಅಲ್ಲಿ ಬರ್ಥನ್ ಎಂಬ ಆಂಗ್ಲಿಕನ್ ಪಾದ್ರಿಯವರಿದ್ದರು, 1860ರಿಂದ 1892ರವರೆಗೆ. ಅವರು ಮಡಚಿ ಇಡಬಹುದಾದ ದೋಣಿಯನ್ನು ಕಂಡುಹಿಡಿದವರು! ಊರಿನಲ್ಲೇ ಆ ದೋಣಿಗಳ ಕಾರ್ಖಾನೆ ನಡೆಸಿದರು, ಇಗರ್ಜಿಯ ಜೀರ್ಣೋದ್ಧಾರವನ್ನೂ ಮಾಡಿಸಿದರು. ಇಗರ್ಜಿಯನ್ನು ಹಡಗು ಎಂದು ಹೇಳುವ ವಾಡಿಕೆ ಕ್ರೈಸ್ತರಲ್ಲಿ ಮೊದಲಿಂದಲೂ ಇದೆ, ಇವರು ನಿಜಕ್ಕೂ ದೋಣಿಯನ್ನೇ ಕಟ್ಟಿದರು.

ತೆಂಕು ಬದಿಯಲ್ಲಿ ಒಂದು ಸರಳವಾದ ಗೋರಿಕಲ್ಲು. ಭಾರತದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಅಲ್ಲಿ ಮಲಗಿದ್ದಾರೆ. ಅವರ ಮನೆ ಬ್ರಾಡ್‌ಲ್ಯಾಂಡ್ಸ್ ಊರಿನ ಅಂಚಿನಲ್ಲೇ. 1979ರ ಆಗಸ್ಟ್ 27ರಂದು ಐರ್ಲೆಂಡಿನಲ್ಲಿ ಅವರ ದೋಣಿಯಲ್ಲಿ ಬಾಂಬಿಟ್ಟು ಐ.ಆರ್.ಎ. ಅವರನ್ನು ಕೊಂದಿತು, ಹದಿಹರೆಯದ ಮೊಮ್ಮಗನೂ ಸತ್ತ. ನಾವು ಭಾರತದವರು ಎಂದು ತಿಳಿದು ಅಲ್ಲಿ ಸ್ವಯಂಸೇವಕಿಯಾಗಿದ್ದ ಮುದುಕಿಯೊಬ್ಬರು ನಮ್ಮನ್ನು ನೇರ ಅಲ್ಲಿಗೇ ಕರೆದೊಯ್ದರು. 1947ರಲ್ಲಿ ಎಳೆದ ಗಡಿಯ ಬಗ್ಗೆ ಅವರು ಏನೋ ವಿಷಾದದಿಂದ ಹೇಳತೊಡಗಿದರು. ಗಡಿ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರಿಂದ ಕೇರಳದಲ್ಲಿ ಕುಳಿತು ಕನ್ನಡದಲ್ಲಿ ಪ್ರಾರ್ಥಿಸುವವರು ನಾವು. ಅಷ್ಟನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆಂದು ಸುಮ್ಮನಾದೆ.

ನನ್ನ ಮಗಳಿಗೆ ಇಷ್ಟವಾದದ್ದು ಒಂದು ಹೊಸ ಕಿಟಕಿ. ದಾದಿಯರ ತಾಯಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಬೆಳೆದ ಮನೆ ರಮ್ಸಿಯ ಹತ್ತಿರವೇ ಇದೆ. ಅವರು ಹುಟ್ಟಿ ಇನ್ನೂರು ವರ್ಷವಾದ 2020ರಲ್ಲಿ ಅವರ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು ಅಲ್ಲಿ ಅಳವಡಿಸಿದ್ದಾರೆ. ಕೋವಿಡ್ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ್ದವಳು ಅದರ ಮುಂದೆ ಏನೂ ಮಾತಾಡದೆ ನಿಂತಿದ್ದಳು. ನಾನು ಕೇಳಲಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಸಂತ ಲೂಯಿಸ್ ಮೊಂಟ್‌ಫೋರ್ಟರ ಹೆಸರು ಜಪಸರ ಭಕ್ತರಿಗೆಲ್ಲ ಗೊತ್ತು. ಅವರು ಸಿಸ್ಟರ್ ಮೇರಿ ಲೂಯಿಸ್ ಅವರ ಜೊತೆ 1703ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಕನ್ಯಾಸ್ತ್ರೀಯರ ಸಭೆ 'ಡಾಟರ್ಸ್ ಆಫ್ ವಿಸ್ಡಮ್', ಜ್ಞಾನದ ಪುತ್ರಿಯರು. 19ನೇ ಶತಮಾನದ ಕೊನೆಯ ದಶಕದಲ್ಲಿ ಆ ಸಭೆಯ ಸಿಸ್ಟರುಗಳು ರಮ್ಸಿಗೆ ಬಂದರು. ಇಗರ್ಜಿಯ ಪಕ್ಕದಲ್ಲೇ ಇದ್ದ ಆ್ಯಬಿ ಹೌಸ್ ಎಂಬ ಮನೆಯಲ್ಲಿ ಮಠ ಮಾಡಿಕೊಂಡು ನೂರು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದರು. 1539ರಲ್ಲಿ ಕನ್ಯಾಸ್ತ್ರೀಯರು ಬಿಟ್ಟುಹೋದ ನೆಲಕ್ಕೆ ಮುನ್ನೂರೈವತ್ತು ವರ್ಷಗಳ ನಂತರ ಮತ್ತೆ ಕನ್ಯಾಸ್ತ್ರೀಯರು. ಈ ಬಾರಿ ದೊಡ್ಡ ಇಗರ್ಜಿಯೊಳಗೆ ಊರಿನ ಜನರ ಹಾಡು. ಗೋಡೆಯಾಚೆ, ಪಕ್ಕದ ಮನೆಯ ಚಿಕ್ಕ ಪ್ರಾರ್ಥನಾ ಕೋಣೆಯಲ್ಲಿ ಸಿಸ್ಟರುಗಳ ಜಪಸರ.